ಮೋಟೆಬೆನ್ನೂರ ಸೈಟಿನ ಹಳದಿ ಹೆಲ್ಮೆಟ್‌ಗಳು

2025ರ ಫೆಬ್ರವರಿ ಏಳು, ಶುಕ್ರವಾರ. ಬೆಳಿಗ್ಗೆ ಹತ್ತೂವರೆಗೆ ಬ್ಯಾಡಗಿ ಠಾಣೆಗೆ ಬಂದ ದೂರನ್ನು ಪಿಎಸ್‌ಐ ಫಕ್ಕೀರೇಶ ಎರಡು ಸಲ ಓದಿದ. ಹೆಲ್ಮೆಟ್ ಹಾಕದವರಿಗೆ ದಂಡ ಬರೆದು ಬರೆದು ಕೈ ಸೋತಿದ್ದ ಠಾಣೆ ಅದು. ಹೆಲ್ಮೆಟ್ ಕಳುವಾಗಿದೆ ಎಂಬ ದೂರು ಬಂದದ್ದು ಇದೇ ಮೊದಲು. ಅದೂ ಎಂಥ ಕಳವು ಅಂತೀರಿ, ಕಳ್ಳ ಹಳೆಯವನ್ನು ಒಯ್ದು ಅದೇ ಗೂಟಗಳಿಗೆ ಹೊಸ ಹೆಲ್ಮೆಟ್ ತೂಗುಹಾಕಿ ಹೋಗಿದ್ದ.

ದೂರು ತಂದವನು ಕಿರಣಕುಮಾರ. ಮೋಟೆಬೆನ್ನೂರಿನ ಹೆದ್ದಾರಿ ಪಕ್ಕ ಮೆಣಸಿನಕಾಯಿ ಇಡಲು ಕಟ್ಟುತ್ತಿದ್ದ ಕೋಲ್ಡ್ ಸ್ಟೋರೇಜಿನ ಪ್ರಾಜೆಕ್ಟ್ ಮ್ಯಾನೇಜರ್.

“ಇದನ್ನ ಕಳವು ಅನ್ನೂದೊ, ಬದ್ಲಿ ಅನ್ನೂದೊ?” ಫಕ್ಕೀರೇಶ ಕೇಳಿದ.

“ಅವು ಸಾದಾ ಹೆಲ್ಮೆಟ್ ಅಲ್ಲರಿ ಸರ್. ಒಳಗ ಸೆನ್ಸರ್ ಐತಿ. ಹೆಲ್ಮೆಟ್ ಅಳ್ಳಾಡಿದ್ರ ಆಳು ಕೆಲಸ ಮಾಡಾಕತ್ತೈತಿ, ಅಳ್ಳಾಡದಿದ್ರ ಕುಂತೈತಿ ಅಂತ ಲೆಕ್ಕ ಹಿಡಿತೈತಿ. ಹಾವೇರಿಯೊಳಗ ಇರೋ ಸುರೇಖಾ ಮೇಡಂ ಅವರ ಪಿಎಚ್‌ಡಿ ಸಂಶೋಧನಾ ಇದು. ಹೆಲ್ಮೆಟ್ ನಮ್ಮ ಕಂಪನಿದು.”

“ಲೆಕ್ಕ ಏನ್ ಹೇಳ್ತು?”

“ಹೆಣ್ಣಾಳುಗಳು ಅರ್ಧಾ ದಿನ ಕುಂತ ಕಳೀತಾರ ಅಂತ ಬಂತ್ರಿ. ಸೋಮವಾರ ಎರಡನೇ ಸಲ ಅಳತಿ ಐತಿ. ಅದರಾಗೂ ಹಂಗ ಬಂದ್ರ ಅವರನ್ನ ಬಿಡಸಿ ಲಿಫ್ಟ್ ಮಷೀನ್ ತರಸ್ತೀವಿ. ಅಷ್ಟರೊಳಗ ಹೆಲ್ಮೆಟ್ ಹೋದವು.”

ಭಾರತೀಯ ನ್ಯಾಯ ಸಂಹಿತೆ ಕಲಂ 303(2)ರ ಅಡಿ ಎಫ್‌ಐಆರ್ ದಾಖಲಾಯಿತು. ಮಧ್ಯಾಹ್ನದ ಹೊತ್ತಿಗೆ ಫಕ್ಕೀರೇಶ ಹೆಡ್ ಕಾನ್‌ಸ್ಟೇಬಲ್ ಕುಲ್ಸುಮಬಿಯನ್ನು ಕರೆದುಕೊಂಡು ಸೈಟಿಗೆ ಹೋದ. ಸುಗ್ಗಿಯ ಕಾಲವಾದ್ದರಿಂದ ಬ್ಯಾಡಗಿ ದಾಟುವವರೆಗೂ ಗಾಳಿಯಲ್ಲಿ ಖಾರ. ಕುಲ್ಸುಮಬಿಗೆ ಖಾರದ ಘಾಟು ಆಗಿಬರುವುದಿಲ್ಲ, ದಾರಿಯುದ್ದಕ್ಕೂ ಕರವಸ್ತ್ರ ಮೂಗಿಗೆ ಒತ್ತಿಕೊಂಡೇ ಕುಳಿತಿದ್ದಳು.

ತಗಡಿನ ಶೆಡ್ಡಿನ ಬೀಗ ಒಡೆದಿರಲಿಲ್ಲ. ಕೀಲಿಕೈ ಇದ್ದದ್ದು ಮೂವರ ಹತ್ತಿರ: ಮ್ಯಾನೇಜರ್, ಮೇಸ್ತ್ರಿ ಕನಕಪ್ಪ, ಸುರೇಖಾ. ಫಕ್ಕೀರೇಶನ ಅನುಮಾನ ನೆಟ್ಟಗೆ ಕನಕಪ್ಪನ ಮೇಲೆ ಹೋಯಿತು. ಹೆಣ್ಣಾಳುಗಳೆಲ್ಲ ಅವನದೇ ಊರು ಐರಣಿಯವರು. ಕೆಲಸ ಹೋದರೆ ಊರಿನಲ್ಲಿ ಮುಖ ತೋರಿಸಬೇಕಾದವನು ಅವನು.

“ನಿನ್ನೆ ಸಂಜಿಕೆ ಎಲ್ಲಿದ್ದಿ?”

“ಆಳುಗಳ ಟೆಂಪೋದಾಗ ಊರಿಗೆ ಹೋದೆ ಸಾಹೇಬ್ರ. ಅಳಿಯನ ಮನಿಯಾಗ ತೊಟ್ಟಿಲ ಕಾರ್ಯ ಇತ್ತು, ಊರಿಗೂರ ನೋಡೈತಿ.”

“ಹೆಲ್ಮೆಟ್ ಹೋಗಿದ್ದು ಚಲೋ ಆತು ಅನಸಲಿಲ್ಲೇನು?”

“ಅನಿಸ್ತು. ಸುಳ್ಳ್ಯಾಕ ಹೇಳ್ಲಿ.”

ಇಷ್ಟು ನೇರ ಉತ್ತರ ಕೊಡುವ ಕಳ್ಳನನ್ನು ಫಕ್ಕೀರೇಶ ತನ್ನ ನೌಕರಿಯಲ್ಲಿ ಕಂಡಿರಲಿಲ್ಲ. ಅವನನ್ನು ಬಿಟ್ಟು ಹೊಳಿಯವ್ವ ಎಂಬ ಆಳನ್ನು ಕರೆದ. ಮೊದಲ ಅಳತೆಯಲ್ಲಿ ಎಲ್ಲರಿಗಿಂತ ಹೆಚ್ಚು ಕುಂತವಳು ಎಂದು ಹೆಸರು ಬಂದದ್ದು ಅವಳದೇ.

“ಯಾರ ಮ್ಯಾಲೆ ಅನುಮಾನ ಐತಿ?”

“ಹಳೇದ ಒಯ್ದು ಹೊಸಾದ ಕೊಟ್ಟೋರ ಮ್ಯಾಲೆ ಅನುಮಾನ ಯಾಕ ಪಡ್ಲಿ ಸಾಹೇಬ್ರ?” ಎಂದಳು ಹೊಳಿಯವ್ವ. ಆಮೇಲೆ ದನಿ ತಗ್ಗಿಸಿ ಕೇಳಿದಳು, “ಸೋಮವಾರ ನಮ್ಮನ್ನ ಬಿಡಸ್ತಾರಂತ, ಖರೇನ್ರಿ?”

ಅಷ್ಟರಲ್ಲೇ ಕಾಂಕ್ರೀಟ್ ಮಷೀನು ಗರಗರ ಸುರುವಾಯಿತು. ಹೊಳಿಯವ್ವ ಹೆಲ್ಮೆಟ್ ಬಿಚ್ಚಿ ಗೂಟಕ್ಕೆ ಹಾಕಿ ಹೊರಟಳು. ದಂಡ ಬರೆದು ರೂಢಿಯಾದವನು, ಅವನಿಗೆ ತಡೆಯಲಾಗಲಿಲ್ಲ.

“ಏ ಬಾಯಿ, ಹೆಲ್ಮೆಟ್ ಹಾಕ್ಕೊ.”

“ಅದನ್ನ ಹಾಕ್ಕೊಂಡ್ರ ಬುಟ್ಟಿ ಎಲ್ಲಿಡ್ಲಿ?” ಎನ್ನುತ್ತ ಅವಳು ಹಳೆಯ ಸೀರೆ ಸುತ್ತಿ ಮಾಡಿದ ಸಿಂಬಿಯನ್ನು ತಲೆಯ ಮೇಲಿಟ್ಟು, ತುಂಬಿದ ಬುಟ್ಟಿ ಹೊತ್ತು ಹಲಗೆಯ ಮೇಲೆ ಏರಿ ಹೋದಳು. ಉಳಿದ ಹೆಂಗಸರೂ ಹಾಗೆಯೇ ಮಾಡಿದರು. ಗೂಟಗಳಲ್ಲಿ ಹಳದಿ ಹೆಲ್ಮೆಟ್‌ಗಳು ಸುಮ್ಮನೆ ತೂಗುತ್ತಿದ್ದವು. ಕಿರಣಕುಮಾರ ಅತ್ತ ಬೆನ್ನು ಮಾಡಿ ಫೋನಿನಲ್ಲಿ ಮಾತಾಡುತ್ತಿದ್ದ.

ಫಕ್ಕೀರೇಶ ಕಂಡದ್ದನ್ನು ಕಂಡ ಹಾಗೆ ಸ್ಥಳ ಪಂಚನಾಮೆಯಲ್ಲಿ ಬರೆಸಿದ. ಅದು ಯಾತಕ್ಕೆ ಬೇಕಾದೀತು ಎಂದು ಅವನಿಗೂ ಆಗ ಹೊಳೆದಿರಲಿಲ್ಲ.

ಹೊಸ ಹೆಲ್ಮೆಟ್ಟಿನ ಒಳಗೆ ರಾಣೆಬೆನ್ನೂರಿನ ಅಂಗಡಿಯೊಂದರ ಚೀಟಿ ಅಂಟಿತ್ತು. ಕಳ್ಳ ಕಿತ್ತು ಹಾಕಲು ಮರೆತಿದ್ದ. ಸಂಜೆ ಐದಕ್ಕೆ ಇಬ್ಬರೂ ಆ ಅಂಗಡಿಯಲ್ಲಿದ್ದರು. ಮಾಲೀಕ ಪ್ರಭುಲಿಂಗಪ್ಪ ಮಾತುಗಾರ, ಗಿರಾಕಿಯ ಜಾತಕವನ್ನೇ ನೆನಪಿಡುವಂಥವನು.

“ಬುಧವಾರ ಒಬ್ಬ ಹೆಣ್ಣಮಗಳು ಬಂದಿದ್ಲರಿ. ಐಎಸ್‌ಐ ಗುರುತು ಇರೋದ ಬೇಕು ಅಂದ್ಲು. ಒಂದೊಂದೂ ತನ್ನ ತಲಿಗೆ ಹಾಕಿ ನೋಡಿದ್ಲು. ಆಮ್ಯಾಲೆ ಕೇಳಿದ್ಲು, ಇದರ ಮ್ಯಾಲೆ ಸಿಂಬಿ ಇಟ್ಟು ಬುಟ್ಟಿ ಹೊತ್ರ ಕುಂದರತೈತೇನು ಅಂತ.”

“ನೀವೇನಂದ್ರಿ?”

“ಅಂಥಾ ಹೆಲ್ಮೆಟ್ ಇನ್ನೂ ಹುಟ್ಟಿಲ್ಲ ತಂಗಿ ಅಂದೆ. ಹೋದ ವಾರದ ತನಕ ನನಗೂ ಗೊತ್ತಿರಲಿಲ್ಲ ಅಂದ್ಲು. ಮಾರಿ ಸಪ್ಪಗಿತ್ತು ಪಾಪ.”

ರೊಕ್ಕ ಫೋನಿನಿಂದಲೇ ಕಳಿಸಿದ್ದಳು. ಪ್ರಭುಲಿಂಗಪ್ಪ ಫೋನು ತೆಗೆದು ಹೆಸರು ತೋರಿಸಿದ. ಕುಲ್ಸುಮಬಿ ಹೆಸರು ಓದಿ ಸಾಹೇಬರ ಮುಖ ನೋಡಿದಳು. ತನ್ನ ಸಂಶೋಧನೆಯನ್ನು ತಾನೇ ಕದ್ದವಳು ಸುರೇಖಾ.

ಶನಿವಾರ ಬೆಳಿಗ್ಗೆ ಒಂಬತ್ತಕ್ಕೆ ಹಾವೇರಿಯ ಅವಳ ಬಾಡಿಗೆ ಕೋಣೆಯ ಬಾಗಿಲು ತಟ್ಟಿದರು. ಮಂಚದ ಕೆಳಗೆ ಮೆಣಸಿನಕಾಯಿಯ ಹಳೆಯ ಚೀಲವಿತ್ತು. ಪಂಚರ ಸಮಕ್ಷಮ ಕುಲ್ಸುಮಬಿ ಅದನ್ನು ಎಳೆದದ್ದೇ ತಡ, ಸೀನು ಹಿಡಿಯಿತು ನೋಡಿ, ಜಪ್ತಿ ಪಂಚನಾಮೆ ಮುಗಿಯುವವರೆಗೂ ನಿಲ್ಲಲಿಲ್ಲ. ಹೆಲ್ಮೆಟ್‌ಗಳು ಅದರೊಳಗೇ ಇದ್ದವು. ಒಂದೊಂದರ ಒಳಗೂ ಒಬ್ಬೊಬ್ಬ ಹೆಂಗಸಿನ ಹೆಸರು.

“ಹೊಳಿಗೆ ಒಗದಿದ್ರ ನಮಗ ಸಿಗತಿದ್ದಿಲ್ಲ,” ಎಂದ ಫಕ್ಕೀರೇಶ.

“ಹೆಸರು ನಾನ ಬರದಿದ್ದೆ. ಒಗಿಯಾಕ ಮನಸ್ಸಾಗಲಿಲ್ರಿ.”

“ಯಾಕ ಕದ್ರಿ?”

“ಅವರು ಬುಟ್ಟಿ ಹೊರೂ ಮುಂದ ಹೆಲ್ಮೆಟ್ ಬಿಚ್ಚಿಡ್ತಾರ. ಗೂಟದಾಗಿನ ಹೆಲ್ಮೆಟ್ ಅಳ್ಳಾಡೂದಿಲ್ಲ. ಅವರು ದುಡಿದಷ್ಟೂ ನನ್ನ ಮಷೀನು ಕುಂತಾರ ಅಂತ ತೋರಸೈತಿ. ನಾನು ಇಲ್ಲಿ ಕಂಪ್ಯೂಟರ್ ಮುಂದ ಕುಂತು ಅದನ್ನ ನಂಬಿದೆ. ಕಾಂಕ್ರೀಟ್ ಹಾಕೂ ದಿನ ಸೈಟಿಗೆ ಹೋಗಿದ್ದು ಹೋದ ವಾರನ.”

“ಹೇಳಬೇಕಿತ್ತಲ್ಲ.”

“ಗೈಡ್ ಸರ್‌ಗೆ ಹೇಳಿದೆ. ಪ್ರಬಂಧ ಅಚ್ಚಾಗೇತಿ, ಈಗ ತಪ್ಪು ಅಂದ್ರ ನಿನ್ನ ಪಿಎಚ್‌ಡಿ ಹೋತು, ನನ್ನ ಹೆಸರೂ ಹೋತು, ಸುಮ್ಮನಿರು ಅಂದ್ರು. ಸುಮ್ಮನಾದೆ. ಆದ್ರ ಸೋಮವಾರ ಬರಾಕತ್ತಿತ್ತಲ್ರಿ.”

“ಹೊಸಾ ಹೆಲ್ಮೆಟ್ ಯಾಕ ಇಟ್ರಿ? ಅದರಿಂದನ ಸಿಕ್ಕೊಂಡ್ರಿ.”

ಸುರೇಖಾ ಅವನನ್ನು ವಿಚಿತ್ರವಾಗಿ ನೋಡಿದಳು. “ಮ್ಯಾಲೆ ಕಬ್ಬಿಣ ಕಟ್ಟಾಕತ್ತಾರ್ರಿ. ಬುಟ್ಟಿ ಹೊರದ ಹೊತ್ತಿನ್ಯಾಗರ ಬರೇ ತಲಿಲೆ ಅವರನ್ನ ಕೆಳಗ ಹೆಂಗ ನಿಲ್ಲಸ್ಲಿ?”

ಹತ್ತೂವರೆಗೆ ಅವಳನ್ನು ಬಂಧಿಸಿ ಬ್ಯಾಡಗಿಗೆ ಕರೆತಂದರು. ಹಿಂದೆಯೇ ಕಿರಣಕುಮಾರ ಓಡಿ ಬಂದ. ಹೆಲ್ಮೆಟ್ ಲಗೂ ಬಿಟ್ಟುಕೊಡಿ, ಸೋಮವಾರ ಅಳತೆ ಇದೆ ಎಂದು ಅವಸರಪಡಿಸಿದ.

“ಮುದ್ದೆಮಾಲು ಅದು. ಕೋರ್ಟಿನ ಆದೇಶ ತರ್ರಿ, ಕೊಡ್ತೇನಿ. ಅಲ್ಲೀತನಕ ಇದನ್ನ ಓದ್ರಿ.” ಫಕ್ಕೀರೇಶ ಸ್ಥಳ ಪಂಚನಾಮೆಯನ್ನು ಮುಂದೆ ತಳ್ಳಿದ. “ನಿಮ್ಮ ಸೈಟಿನಾಗ ನಾನು ಕಣ್ಣಾರೆ ಕಂಡಿದ್ದು. ನೀವು ಫೋನಿನ್ಯಾಗಿದ್ರಿ.”

ಕಿರಣಕುಮಾರ ನಿಂತುಕೊಂಡೇ ಓದಿದ. ಮತ್ತೊಮ್ಮೆ ಓದಿದ. ಹೆಣ್ಣಾಳುಗಳನ್ನು ಸದ್ಯ ಯಾರೂ ಬಿಡಿಸುವುದಿಲ್ಲ ಎಂದು ಗೊಣಗಿ ಹೊರಗೆ ಹೋದ. ಅಷ್ಟಾದರೂ ಆಯಿತಲ್ಲ ಎಂದು ಫಕ್ಕೀರೇಶನ ಜೀವ ಹಗುರಾಯಿತು.

ಒಳಗೆ ಕುಲ್ಸುಮಬಿ ಹೇಳಿಕೆ ಬರೆದು ಮುಗಿಸಿದ್ದಳು. ಪೊಲೀಸರ ಮುಂದಿನ ತಪ್ಪೊಪ್ಪಿಗೆ ಕೋರ್ಟಿನಲ್ಲಿ ನಿಲ್ಲುವುದಿಲ್ಲ ಎಂಬುದು ಅವಳಿಗೂ ಗೊತ್ತು. ಆದರೂ ಪದ್ಧತಿಯಂತೆ ಗಟ್ಟಿಯಾಗಿ ಓದಿ ಹೇಳಿದಳು: ನನ್ನ ಅಳತೆ ತಪ್ಪಾಗಿತ್ತು, ಆ ಹೆಂಗಸರು ಕುಳಿತಿರಲಿಲ್ಲ, ದುಡಿಯುತ್ತಿದ್ದರು. ಸುರೇಖಾ ತಲೆ ತಗ್ಗಿಸಿ ಕೇಳಿಸಿಕೊಂಡಳು.

“ಇಷ್ಟು ಹೇಳಾಕ ನನಗ ಧೈರ್ಯ ಸಾಲಲಿಲ್ರಿ,” ಎಂದಳು. “ಕದಿಯಾಕ ಸಾಲ್ತು.”

ಫಕ್ಕೀರೇಶ ಅವಳ ಕೈಗೆ ಪೆನ್ನು ಕೊಟ್ಟ. ಅವಳು ಸಹಿ ಮಾಡುವ ಮೊದಲು ಕೇಳಿದಳು, “ಇದರದೊಂದು ಪ್ರತಿ ನನಗ ಸಿಗತೈತೇನ್ರಿ?”

“ವಕೀಲರಿಗೇನು?”

“ಅಲ್ಲರಿ. ಗೈಡ್ ಸರ್‌ಗೆ ಕಳಸ್ತೇನಿ.”