ಮುಟ್ಟಿದರೆ ಸೋಲು

ಇಂಡಿಯಿಂದ ಹೊರಟ ಹನ್ನೆರಡು ಕುದುರೆಗಳಲ್ಲಿ ಹನ್ನೊಂದು ಡೋಣಿ ಹೊಳೆ ದಾಟಿದ್ದವು. ಹನ್ನೆರಡನೆಯದನ್ನು ಹುಡುಕುವ ಕೆಲಸ ರೇಣವ್ವನ ಪಾಲಿಗೆ ಬಂತು.

ರೇಣವ್ವ ಸಾಲೋಟಗಿಯ ನರ್ಸಬಾಯಿ. ಸಿಂದಗಿ, ಬಸವನ ಬಾಗೇವಾಡಿ ಹಾದು ಮುದ್ದೇಬಿಹಾಳದವರೆಗೆ ಎರಡು ದಿನ ನಡೆಯುವ ಕುದುರೆ ಪಂದ್ಯದ ಬೆನ್ನಿಗೆ, ಔಷಧದ ಚೀಲ ಹಾಕಿಕೊಂಡು ತಟ್ಟು ಕುದುರೆಯ ಮೇಲೆ ಬರುತ್ತಿದ್ದಳು. ಜೊತೆಗೆ ಕುದುರೆಗಳಿಗೆ ಲಾಳ ಬಡಿಯುವ ಮಾನಪ್ಪ ಕಾಕಾ. ಪಂದ್ಯಕ್ಕೊಂದು ಹಾಳು ಕಟ್ಟಳೆ ಇತ್ತು: ಬಿದ್ದ ಸವಾರನನ್ನು ನರ್ಸಬಾಯಿ ಮುಟ್ಟಿದಳೋ, ಅವನು ಸೋತಂತೆ. ಹೀಗಾಗಿ ಪೆಟ್ಟು ತಿಂದವರು ಅವಳನ್ನು ಕಂಡರೆ ಯಮನನ್ನು ಕಂಡಂತೆ ಓಡುತ್ತಿದ್ದರು. ಈ ಕಟ್ಟಳೆ ಮಾಡಿದ ಪುಣ್ಯಾತ್ಮ ಜನ್ಮದಲ್ಲಿ ಕುದುರೆಯಿಂದ ಬಿದ್ದಿರಲಿಕ್ಕಿಲ್ಲ!

ಕಾಣೆಯಾದವನು ಹೊರ್ತಿಯ ರಾಚಪ್ಪ. ಹೋದ ವರ್ಷ, ಎಪ್ಪತ್ನಾಲ್ಕರಲ್ಲಿ, ಇವನ ಅಣ್ಣ ಶ್ರೀಶೈಲಪ್ಪ ಇದೇ ಚಂದ್ರಿ ಎಂಬ ಹೆಣ್ಣುಕುದುರೆಯಿಂದ ಬಿದ್ದು, ಎದ್ದು, "ನನಗೇನೂ ಆಗಿಲ್ರಿ" ಎಂದು ನಕ್ಕಿದ್ದ. ಅವಳು ಮುಟ್ಟದೆ ಬಿಟ್ಟಿದ್ದಳು. ಎರಡು ಮೈಲಿ ಹೋಗುವಷ್ಟರಲ್ಲಿ ಅವನ ಜೀವ ಹೋಗಿತ್ತು. "ಮುಟ್ಟಿದ್ರ ನಿನ್ನ ಕೈ ಸವೀತಿತ್ತೇನ?" ಎಂದು ಅವನ ತಾಯಿ ಸಿದ್ದಲಿಂಗವ್ವ ಹತ್ತು ಜನರ ಮುಂದೆ ಕೇಳಿದ ಮಾತು ಇಂದಿಗೂ ಅವಳನ್ನು ಮಲಗಗೊಡುತ್ತಿರಲಿಲ್ಲ.

ಹಿಂದಿನ ದಿನ ಅಕಾಲದ ಮಳೆ ಬಿದ್ದಿತ್ತು. ಡೋಣಿ ಬೆಳೆದರೆ ಓಣಿಯೆಲ್ಲ ಜೋಳ ಎನ್ನುತ್ತಾರಲ್ಲ, ಆ ಎರೆನೆಲ ಕಣ್ಣು ಹಾಯುವವರೆಗೂ ಕರ್ರಗೆ ನೆನೆದು ಬಿದ್ದಿತ್ತು. ಆಳೆತ್ತರದ ಬಿಳಿಜೋಳ ತೆನೆ ಬಾಗಿಸಿ ನಿಂತಿತ್ತು. ಒಂದು ಹೆಜ್ಜೆ ಇಟ್ಟರೆ ಕಾಲಿಗೆ ಒಂದು ಸೇರು ಕೆಸರು. ಬಂಡಿಯ ಮಾತು ದೂರವೇ ಉಳಿಯಿತು.

ಮಾನಪ್ಪ ಥಟ್ಟನೆ ತಟ್ಟುವಿನಿಂದ ಇಳಿದ.

"ಇಲ್ಲಿ ನೋಡ ತಂಗಿ. ಅರ್ಧ ಲಾಳದ ಗುರುತು. ಚಂದ್ರಿ ಗೊರಸು ಸೀಳಿತ್ತಂತ ನಾನ ಬಡಿದದ್ದು."

ಗುರುತು ದಾರಿ ಬಿಟ್ಟು ಜೋಳದೊಳಗೆ ಹೊಕ್ಕಿತ್ತು. ಪಕ್ಕದ ದಂಟಿನ ಮೇಲೆ ರಕ್ತ.

"ದಾರಿ ತಪ್ಪಿಲ್ಲ ಇಂವ," ಎಂದಳು ರೇಣವ್ವ. "ನಮಗ ಹೆದರಿ ಅಡಗ್ಯಾನ."

ನೂರು ಹೆಜ್ಜೆ ಒಳಗೆ ಸಿಕ್ಕ. ಜಾಲಿಯ ಕೊರಡು ಸಿಗಿದ ತೊಡೆಯನ್ನು ಒಂದು ಕೈಯಲ್ಲಿ ಒತ್ತಿ ಹಿಡಿದು ಕುದುರೆಗೆ ಆತು ನಿಂತಿದ್ದ. ಕೆನೆದು ಗುಟ್ಟು ರಟ್ಟು ಮಾಡೀತೆಂದು ಅದರ ಬಾಯಿಗೆ ತನ್ನ ರುಮಾಲು ಬಿಗಿದಿದ್ದ.

"ಮುಂದ ಬರಬ್ಯಾಡ್ರಿ ಅಕ್ಕಾರ! ಬಂದ್ರ ಕುದುರಿ ಹತ್ತಿ ಓಡಿಸ್ತೇನಿ!"

ಹತ್ತಿದರೆ ಹೊಳೆ ಮುಟ್ಟುವ ಮುನ್ನ ರಕ್ತ ಬರಿದಾಗುತ್ತದೆ. ರೇಣವ್ವ ನಿಂತಲ್ಲೇ ನಿಂತಳು.

"ಆತಪಾ, ಮುಟ್ಟಂಗಿಲ್ಲ. ಕುದುರಿ ಬಾಯಿ ಬಿಚ್ಚು. ಅದ ರುಮಾಲು ತೊಡಿಗೆ ಸುತ್ತು. ಗಾಯದ ಮ್ಯಾಲೆ. ಜಗ್ಗು!"

ಜಗ್ಗಿದ. ಗಂಟು ಜಾರಿತು. ಮತ್ತೆ ಜಗ್ಗಿದ. ರಕ್ತ ನಿಲ್ಲಲಿಲ್ಲ.

"ಅಣ್ಣ ಅರ್ಧಕ್ಕ ಬಿಟ್ಟಾನ್ರಿ," ಎಂದ, ತುಟಿ ಬೆಳ್ಳಗಾಗಿತ್ತು. "ನಾ ಮುಗಸಬೇಕು."

ರೇಣವ್ವನಿಗೆ ಅಳು ಒತ್ತರಿಸಿ ಬಂತು. "ತಮ್ಮಾ, ನಿಮ್ಮಣ್ಣನ ಮಾರಿ ಬಿಳಿಚಿದ್ದು ನಾ ನೋಡಿದ್ದೆ. ಅಂವ ನಕ್ಕ ಅಂತ ಸುಮ್ನಾಗ್ಲಿಲ್ಲ. ಪಂದ್ಯಾ ಕೆಡಿಸಿದ್ಳು ಅಂತ ಮಂದಿ ಬೈತಾರಂತ ಹೆದರಿದೆ. ತಪ್ಪು ನಂದು. ನಿಮ್ಮವ್ವಗ ಇನ್ನೊಂದ ಸಲ ಏನಂತ ಮಾರಿ ತೋರಿಸ್ಲಿ?"

ಈ ಮಾತನ್ನು ಅವಳು ಯಾರ ಮುಂದೆಯೂ ಬಾಯಿ ಬಿಟ್ಟು ಆಡಿರಲಿಲ್ಲ. ರಾಚಪ್ಪ ಅವಳನ್ನೇ ನೋಡಿದ. ಆಮೇಲೆ ಲಗಾಮು ಬಿಟ್ಟು ಕೈ ಚಾಚಿದ.

"ಹಿಡೀರಿ ಅಕ್ಕಾರ."

ಮುಂದಿನದೆಲ್ಲ ಗಡಿಬಿಡಿ. ರೇಣವ್ವ ಪಟ್ಟಿ ಬಿಗಿದಳು, ರಕ್ತ ನಿಂತಿತು. ಇಬ್ಬರೂ ಸೇರಿ ಅವನನ್ನು ಚಂದ್ರಿಯ ಮೇಲೆ ಹೊರಿಸಿದರು.

ಡೋಣಿ ಸೊಂಟಮಟ ಹರಿಯುತ್ತಿತ್ತು.

ಮಾನಪ್ಪ ಲಗಾಮು ಹಿಡಿದು ಮುಂದೆ ಇಳಿದ. ನಡುಹೊಳೆಯಲ್ಲಿ ಚಂದ್ರಿಯ ಮುಂಗಾಲು ಹೂತವು. ಕುದುರೆ ಮುಗ್ಗರಿಸಿತು.

"ಬಿದ್ದಗಿದ್ದಾನು, ಹಿಡಿ!"

ರೇಣವ್ವ ಹೆಗಲು ಕೊಟ್ಟಳು. ಡೋಣಿಯ ನೀರೇ ಉಪ್ಪು; ಅದು ಬಾಯಿಗೆ ನುಗ್ಗಿತು. ಕಾಲಡಿಯ ಕೆಸರು ಅವಳ ಚಪ್ಪಲಿಗಳನ್ನು ನುಂಗಿತು. ಅವನ ತೊಡೆಯ ಪಟ್ಟಿಯ ಮೇಲಿಂದ ಮಾತ್ರ ಅವಳು ಕೈ ತೆಗೆಯಲಿಲ್ಲ.

"ಹೈ ನನ್ನವ್ವ, ಏಳ!" ಮಾನಪ್ಪ ಕೂಗಿದ. ಚಂದ್ರಿ ಒಮ್ಮೆ ಮೈ ಕೊಡವಿ, ಕಾಲು ಕಿತ್ತು, ದಂಡೆ ಹತ್ತಿತು.

ಹೊತ್ತು ಇಳಿಯುವಾಗ ಬಾಗೇವಾಡಿ ಮುಟ್ಟಿದರು. ಡಾಕ್ಟರು ಗಾಯ ಹೊಲಿದು ಹೊರಬಂದು, "ಅರ್ಧ ತಾಸು ತಡವಾಗಿದ್ರ ನನ್ನ ಕೈಲಿ ಇರ್ತಿರಲಿಲ್ಲ," ಎಂದರು.

ಮಗನ ಹಾದಿ ಕಾಯುತ್ತ ಅಲ್ಲೇ ಇದ್ದ ಸಿದ್ದಲಿಂಗವ್ವ ಒಳಗೆ ಓಡಿ ಬಂದಳು. ರೇಣವ್ವ ಗೋಡೆಗೆ ಸರಿದು ನಿಂತಳು.

"ಸೋತೆ ಯವ್ವಾ," ಎಂದ ರಾಚಪ್ಪ.

"ಸೋತ್ರ ಸೋತಿ ಬಿಡು. ಜೀವಂತ ತಿರುಗಿ ಬಂದಿ," ಎಂದಳು ತಾಯಿ, ಅವನ ತಲೆ ಸವರಿ. ಆಮೇಲೆ ರೇಣವ್ವನ ಕಡೆ ತಿರುಗಿ, ರಕ್ತ ಒಣಗಿ ಕಪ್ಪಾಗಿದ್ದ ಅವಳ ಕೈಗಳನ್ನು ಹಿಡಿದುಕೊಂಡಳು. ಹೊರಗೆ ಕರೆದೊಯ್ದು, ಚರಿಗೆಯಿಂದ ನೀರು ಹಾಕುತ್ತ ಒಂದೊಂದೇ ಬೆರಳು ತಿಕ್ಕಿ ತೊಳೆದಳು.

ಬುತ್ತಿ ಬಿಚ್ಚಿ, ರೊಟ್ಟಿಯ ಮೇಲೆ ಶೇಂಗಾ ಚಟ್ನಿ ಇಟ್ಟು ಕೊಟ್ಟಳು.

"ಮುಂಜಾನಿಂದ ಉಂಡಿಲ್ಲ ನೀ. ಉಣ್ಣವ್ವಾ."

ರೇಣವ್ವ ಅಳುತ್ತಲೇ ರೊಟ್ಟಿ ಮುರಿದಳು.