ದೋಣಿ ಟ್ರಾಲಿಯ ಬ್ರೇಕು

ಜನ ಸೇರಿ ಟ್ರಾಲಿ ಎತ್ತಿ ಆದಪ್ಪನನ್ನು ಹೊರಗೆಳೆಯುವಷ್ಟರಲ್ಲಿ ಅವನ ಜೀವ ಹೋಗಿತ್ತು.

ಹೆಣವನ್ನು ಕೆರೆಯ ದಂಡೆಯಲ್ಲಿ ಮಲಗಿಸಿ ಟವೆಲು ಮುಚ್ಚಿದ್ದರು. ಟ್ರಾಲಿ ಓರೆಯಾಗಿ, ಎಡಗಾಲಿ ಅಚ್ಚಿನವರೆಗೆ ಮುಳುಗುವಂತೆ ನೀರಿನಲ್ಲಿತ್ತು. ಅದರ ಮೇಲಿದ್ದ ಕಬ್ಬಿಣದ ದೋಣಿ ಹಗ್ಗ ಹರಿದುಕೊಂಡು ಕೆರೆಯ ನಡುವೆ ತನ್ನ ಪಾಡಿಗೆ ತೇಲುತ್ತಿತ್ತು.

1994ರ ಫೆಬ್ರವರಿ. ಸೋಮವಾರ, ಬೆಳಿಗ್ಗೆ ಒಂಬತ್ತು ಗಂಟೆ. ಮಸ್ಕಿಯಿಂದ ಪಾಮನಕಲ್ಲೂರಿಗೆ ಹೋಗುವ ದಾರಿಯ ಪಕ್ಕದ ಕೆರೆ. ಪಂಚನಾಮೆಗೆ ಹೋದವರು ಇಬ್ಬರು: ಜಮಾದಾರ ಅಲ್ಲಾಭಕ್ಷ್ ಮತ್ತು ಠಾಣೆಯ ರೈಟರ್ ಆದ ನಾನು, ಅಮರಗುಂಡಪ್ಪ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಅಲ್ಲಾಭಕ್ಷ್‌ನನ್ನು ಕಂಡರೆ ನನಗೆ ಆಗುತ್ತಿರಲಿಲ್ಲ. ಇಬ್ಬರೂ ಒಂದೇ ದಿನ ನೌಕರಿಗೆ ಸೇರಿದವರು. ಅವನ ಅಕ್ಷರ ಕಾಗೆ ಕಾಲು, ನನ್ನದು ಮುತ್ತು ಪೋಣಿಸಿದಂತೆ. ಆದರೂ ಜಮಾದಾರನಾದವನು ಅವನು. ಯಾವ ಕೇಸಿಗೆ ಹೋದರೂ ಸುಳಿವು ಮೊದಲು ಬೀಳುವುದು ಅವನ ಕಣ್ಣಿಗೆ. ಹತ್ತು ಹಾಳೆ ಬರೆಯುವುದು ನಾನು, ಶಭಾಷ್ ಅನ್ನಿಸಿಕೊಳ್ಳುವುದು ಅವನು. ಹನ್ನೊಂದು ವರ್ಷ ಹೊಟ್ಟೆ ಉರಿದುಕೊಂಡು ಬರೆದಿದ್ದೇನೆ.

ಟ್ರಾಲಿಯ ಹತ್ತಿರ ಕೆಸರಿನಲ್ಲಿ ಕೂತು ಒಬ್ಬ ತಲೆ ಚಚ್ಚಿಕೊಳ್ಳುತ್ತಿದ್ದ. ಸಿಂಧನೂರಿನ ಮೆಕ್ಯಾನಿಕ್ ಯಂಕೋಬ.

"ಬ್ರೇಕ್ ಜಗ್ಗಿದ್ಯಾ?" ಅಲ್ಲಾಭಕ್ಷ್ ಕೇಳಿದ.

"ಎರಡೂ ಕೈಲೆ ಜಗ್ಗೀನ್ರೀ. ಹಿಡೀಲಿಲ್ಲ."

"ಗಾಲಿಗಿ ಕಲ್ಲು ಒಡ್ಡಿರಲಿಲ್ಲೇನು?"

ಯಂಕೋಬ ಅಳುವುದನ್ನು ನಿಲ್ಲಿಸಿದ. "ನಾನs ಬ್ಯಾಡ ಅಂದೆ. ಈ ಬ್ರೇಕಿಗಿ ಕಲ್ಲು ಯಾಕ ಬೇಕು ಅಂದೆ."

ಅಲ್ಲಾಭಕ್ಷ್ ಎಡಗಾಲಿಯ ಕಡೆ ನೀರಿಗಿಳಿದ. ನಾನು ಟೇಪು ಹಿಡಿದು ಬಲಗಾಲಿಯ ಕಡೆ ಹೋದೆ. ಬಲಗಾಲಿ ದಂಡೆಯ ಕೆಸರಿನಲ್ಲಿ ಹೂತಿತ್ತು. ಅದು ಕೊರೆದ ಗುಂಡಿಯಲ್ಲಿ ನೀರು ನಿಂತಿತ್ತು. ಕೆರೆಯ ನೀರೆಲ್ಲ ಮಣ್ಣಿನಿಂದ ಕೆಂಪಗೆ. ಆ ಗುಂಡಿಯ ನೀರು ಮಾತ್ರ ಬೆಳ್ಳಗೆ, ಅಕ್ಕಿ ತೊಳೆದ ನೀರಿನಂತೆ.

ಬ್ರೇಕಿನ ಸಂದಿಯಲ್ಲಿ ಬೆರಳಿಟ್ಟೆ. ಜಾರಿತು. ಕರವಸ್ತ್ರ ತೆಗೆದು ಒಳಗೆಲ್ಲ ಒರೆಸಿದೆ. ಜೇನಿನ ಬಣ್ಣದ ಜಿಡ್ಡು ಹತ್ತಿತು.

"ಏನರ ಸಿಕ್ತೇನು, ಗುಂಡಪ್ಪ?" ಆಚೆ ಕಡೆಯಿಂದ ಅಲ್ಲಾಭಕ್ಷ್ ಕೂಗಿದ. "ಈ ಕಡಿ ಎಲ್ಲಾ ನೀರಾಗ ತೊಳದಂಗ ಐತಿ."

"ಏನೂ ಇಲ್ಲ," ಅಂದೆ. ಕರವಸ್ತ್ರ ಜೇಬಿಗೆ ಹೋಯಿತು.

ಈ ಸಲ ಮೊದಲು ಕಂಡವನು ನಾನು. ಇದನ್ನು ಬಿಡಿಸುವವನೂ ನಾನೇ ಆಗಬೇಕಿತ್ತು.

* * *

ಈ ಬ್ರೇಕಿನ ಕತೆ ಆಗ ಸುತ್ತಲ ಊರಿಗೆಲ್ಲ ಗೊತ್ತಿತ್ತು.

ಮೀನುಗಾರರ ಸಂಘಕ್ಕೆ ಇದ್ದದ್ದು ಒಂದೇ ದೋಣಿ, ಕೆರೆಗಳು ಮೂರು. ದೋಣಿಯನ್ನು ಟ್ರಾಲಿಯ ಮೇಲಿಟ್ಟು ಟ್ರ್ಯಾಕ್ಟರಿನಿಂದ ಎಳೆದೊಯ್ಯುತ್ತಿದ್ದರು. ದಂಡೆಯ ಕೆಸರಿನಲ್ಲಿ ಟ್ರ್ಯಾಕ್ಟರ್ ಹೂಳುತ್ತದೆಂದು ಮೇಲೆಯೇ ಕಳಚಿ, ಟ್ರಾಲಿಯೊಂದನ್ನೇ ಹಿಮ್ಮುಖವಾಗಿ ಇಳಿಜಾರಿನಲ್ಲಿ ಬಿಡುವುದು. ಒಬ್ಬ ಮುಂದೆ ಬ್ರೇಕಿನ ಹಿಡಿಕೆ ಹಿಡಿದು ಸ್ವಲ್ಪ ಸ್ವಲ್ಪ ಸಡಿಲಿಸಬೇಕು. ಇನ್ನೊಬ್ಬ ಹಿಂದೆ ನೀರಿನಲ್ಲಿ ನಿಂತು ದಾರಿ ತೋರಿಸಬೇಕು. ನೀರಿನಲ್ಲಿ ನಿಲ್ಲುತ್ತಿದ್ದವನು ಆದಪ್ಪ.

ಮೊದಲಿದ್ದದ್ದು ಡ್ರಮ್ ಬ್ರೇಕು. ಗಾಲಿ ನೀರಿಗಿಳಿದಾಗಲೆಲ್ಲ ಡ್ರಮ್ಮಿನೊಳಗೆ ನೀರು, ಕೆಸರು. ತುಕ್ಕು ಹಿಡಿದು ಒಂದು ದಿನ ಕಚ್ಚಿಕೊಂಡರೆ ಬಿಡದು, ಇನ್ನೊಂದು ದಿನ ಹಿಡಿಯದು. ಮಸ್ಕಿಯ ಫಿಟ್ಟರ್ ಕನಕರಾಯ ವಾರಕ್ಕೊಮ್ಮೆ ಸುತ್ತಿಗೆಯಿಂದ ಬಡಿದು ಬಿಡಿಸುತ್ತಿದ್ದ.

ಯಂಕೋಬ ಅದನ್ನೆಲ್ಲ ಕಿತ್ತೆಸೆದ. ಅಪಘಾತವಾದ ಮಾರುತಿ ಕಾರೊಂದರ ಡಿಸ್ಕ್ ಬ್ರೇಕನ್ನು ಗುಜರಿಯಿಂದ ತಂದ. ಗಾಲಿಯ ಜೊತೆ ತಿರುಗುವ ತಟ್ಟೆ. ಅದನ್ನು ಎರಡೂ ಕಡೆಯಿಂದ ಒತ್ತಿ ಹಿಡಿಯುವ ಪ್ಯಾಡು. ಕಾರಿನ ತಟ್ಟೆ ಬೀಡುಕಬ್ಬಿಣದ್ದು, ನೀರಿಗೆ ತುಕ್ಕು ಹಿಡಿಯುತ್ತದೆ. ಲಿಂಗಸುಗೂರಿನಲ್ಲಿ ಲೇತು, ಅಂದರೆ ಲೋಹ ಕಡೆಯುವ ಯಂತ್ರ, ಇಟ್ಟಿದ್ದ ಶಿವಶರಣಪ್ಪನಿಂದ ಸ್ಟೇನ್‌ಲೆಸ್ ಸ್ಟೀಲಿನ ತಟ್ಟೆ ಮಾಡಿಸಿದ. ಎಣ್ಣೆ ಹೋಗುವ ಪೈಪು ತಾಮ್ರದ್ದು ಹಾಕಿದ. ಎಲ್ಲ ಬಯಲಿಗೇ ಇರುವುದರಿಂದ ನೀರು ಬಂದ ದಾರಿಯಲ್ಲೇ ಸುರಿದುಹೋಗುತ್ತಿತ್ತು. ತುಕ್ಕಿನ ಮಾತೇ ಇಲ್ಲ. ಹಿಂದಿನ ವಾರವಷ್ಟೇ ಸಂಘದವರು ಯಂಕೋಬನಿಗೆ ಹಾರ ಹಾಕಿ, ಶಾಲು ಹೊದಿಸಿ, ಬ್ಯಾಂಡು ಬಾರಿಸಿದ್ದರು.

ಅವನು ಇಷ್ಟೆಲ್ಲ ತಲೆ ಕೆಡಿಸಿಕೊಂಡದ್ದು ಸಂಘಕ್ಕಾಗಿ ಅಲ್ಲ. ನೀರಿನಲ್ಲಿ ನಿಲ್ಲುವ ಆದಪ್ಪ ಅವನ ತಂಗಿ ಪಕೀರಮ್ಮನ ಗಂಡ.

ಸಾಹೇಬರು, ಅಂದರೆ ನಮ್ಮ ಪಿಎಸ್‌ಐ, ಯಂಕೋಬನನ್ನು ಲಾಕಪ್ಪಿಗೆ ಹಾಕಿಸಿದರು. "ಕಲ್ಲು ಒಡ್ಡಬ್ಯಾಡ ಅಂದವ ಅಂವ. ಬ್ರೇಕ್ ಮಾಡಿದವ ಅಂವ. ಜಗ್ಗಿದವನೂ ಅಂವ. ಇನ್ನೇನು ಪತ್ತೆ ಮಾಡೋದೈತಿ? ಗಾಡಿ ನೋಡೋ ಇನ್‌ಸ್ಪೆಕ್ಟರು ಶುಕ್ರವಾರ ಬರ್ತಾರ. ಅಲ್ಲೀತನಕ ಇರ್ಲಿ."

ಅಲ್ಲಾಭಕ್ಷ್ ಗೋಣು ಆಡಿಸಲಿಲ್ಲ. "ಪೈಪು ಒಡದಿಲ್ಲ. ಎಣ್ಣಿ ಕಮ್ಮಿ ಆಗಿಲ್ಲ. ಹಿಡಿಕಿ ಬಿಗಿ ಐತಿ. ಎಲ್ಲಾ ಬರೋಬ್ಬರಿ ಐತಿ ಸಾಬ್, ಆದ್ರ ಹಿಡೀಲಿಲ್ಲ. ಅದು ಹೆಂಗ?"

ಯಂಕೋಬ ಕಂಬಿ ಹಿಡಿದು ನನ್ನನ್ನು ಕರೆದ. "ರೈಟರ್ ಸಾಹೇಬ್ರ, ನನ್ನ ಬ್ರೇಕs ಅವನ್ನ ಕೊಂದಿತೇನ್ರೀ?"

ನಾನು ತಲೆ ಎತ್ತದೆ ಬರೆದೆ.

* * *

ಮಂಗಳವಾರ ಆದಪ್ಪನ ಮಣ್ಣು. ಪೊಲೀಸರ ಜೊತೆ ಯಂಕೋಬನನ್ನು ಕಳಿಸಲು ಸಾಹೇಬರು ಒಪ್ಪಿದ್ದರು. ಪಕೀರಮ್ಮ ಒಪ್ಪಲಿಲ್ಲ.

"ಅಂವ ಬರೋದು ಬ್ಯಾಡ," ಅಂದಳು. "ಹಾರ ಹಾಕಿಸ್ಕೊಂಡನಲ್ಲ, ಅಷ್ಟs ಸಾಕು ಅವಗ. ನನಗ ಅಣ್ಣ ಇಲ್ಲ."

ತಂಗಿಯ ಗಂಡನಿಗೆ ಒಂದು ಹಿಡಿ ಮಣ್ಣು ಹಾಕಲು ಅವನಿಗೆ ಆಗಲಿಲ್ಲ. ಜನ ಮಣ್ಣು ಮಾಡಿ ತಿರುಗಿ ಬರುವಾಗ ಲಾಕಪ್ಪಿನಲ್ಲಿ ಅವನು ಗೋಡೆಗೆ ಮುಖ ಮಾಡಿ ಕೂತಿದ್ದ.

ಅಂದು ಸಂಜೆ ಮನೆಯಲ್ಲಿ ಚಂಬು ತುಂಬ ನೀರು ತೆಗೆದುಕೊಂಡು ಕರವಸ್ತ್ರದ ಒಂದು ತುದಿ ಅದ್ದಿದೆ. ನೀರು ಹಾಲಾಯಿತು.

"ಇದೇನ್ರೀ, ಫಿನಾಯಿಲ್ಲೇನು?" ನನ್ನ ಹೆಂಡತಿ ಕಸ್ತೂರೆಮ್ಮ ಮೂಸಿ ನೋಡಿದಳು. "ವಾಸನಿ ಇಲ್ಲಲ್ಲ."

ಗ್ರೀಸಲ್ಲ, ಎಂಜಿನ್ ಎಣ್ಣೆಯಲ್ಲ, ಹರಳೆಣ್ಣೆಯಲ್ಲ. ಅವೆಲ್ಲ ನೀರಿನ ಮೇಲೆ ತೇಲುತ್ತವೆ. ಇದು ಕರಗಿ ಬೆಳ್ಳಗಾಗುವ ಎಣ್ಣೆ. ಯಾರೋ ಬ್ರೇಕಿಗೆ ಸವರಿದ್ದಾರೆ, ಅಲ್ಲಿಗೆ ಯಂಕೋಬ ನಿರಪರಾಧಿ. ಅಷ್ಟು ನನಗೆ ಗೊತ್ತಾಯಿತು. ಸವರಿದವರು ಯಾರು, ಇದು ಎಲ್ಲಿಯ ಎಣ್ಣೆ, ಅದು ಹೊಳೆಯಲಿಲ್ಲ. ಈಗಲೇ ಅಲ್ಲಾಭಕ್ಷ್‌ಗೆ ತೋರಿಸಿದರೆ ಅವನು ಒಂದು ಗಳಿಗೆಯಲ್ಲಿ ಬಿಡಿಸಿಬಿಡುತ್ತಾನೆ. ಮತ್ತೆ ಅವನಿಗೇ ಶಭಾಷ್.

ಕರವಸ್ತ್ರ ಮಡಚಿ ಟ್ರಂಕಿನಲ್ಲಿಟ್ಟೆ.

* * *

ಬುಧವಾರ ಅಲ್ಲಾಭಕ್ಷ್ ನನ್ನನ್ನು ಕರೆದುಕೊಂಡು ಕನಕರಾಯನ ಅಂಗಡಿಗೆ ಹೋದ.

ಕನಕರಾಯ ಚಹಾದಂಗಡಿಯಲ್ಲಿ ಹಿಂದಿನ ವಾರವೇ ಆಡಿದ ಮಾತು ಊರಿಗೆಲ್ಲ ಗೊತ್ತಿತ್ತು: ಆ ಸ್ಟೀಲ್ ಬ್ರೇಕು ಯಂಕೋಬನನ್ನು ಮುಳುಗಿಸುತ್ತದೆ, ನೋಡುತ್ತಿರಿ.

"ಅಂದೀನಿ, ಹೌದು," ಕನಕರಾಯ ಮುಚ್ಚಿಡಲಿಲ್ಲ. "ವಾರಾ ವಾರಾ ನನ್ನ ಕೈಗಿ ಬರೋ ಕೆಲಸ ಹೋತು. ಸಿಟ್ಟು ಬರೂದಿಲ್ಲೇನ್ರೀ? ಆದ್ರ ಆ ಟ್ರಾಲಿ ಮುಟ್ಟಿಲ್ಲ. ಡ್ರಮ್ಮಾಗಿದ್ರ ನನಗ ಕಣ್ಣು ಮುಚ್ಚಿ ಕೆಡಿಸಾಕ ಬರ್ತಿತ್ತು. ಆ ಡಿಸ್ಕು ಹೆಂಗ ಹಿಡೀತೈತಿ ಅಂಬೋದs ನನಗ ಗೊತ್ತಿಲ್ಲ."

ಅಂಗಡಿಯ ಡಬ್ಬಿಗಳನ್ನೆಲ್ಲ ನಾನು ಕದ್ದು ನೋಡಿದೆ. ಕರಿ ಗ್ರೀಸು, ಸುಟ್ಟ ಎಂಜಿನ್ ಎಣ್ಣೆ, ಸೀಮೆಎಣ್ಣೆ. ಜೇನಿನ ಬಣ್ಣದ್ದು ಯಾವುದೂ ಇಲ್ಲ. ಕನಕರಾಯ ಅಲ್ಲ ಎಂದು ನನಗೆ ಖಾತ್ರಿಯಾಯಿತು. ಬಾಯಿ ಮಾತ್ರ ಬಿಡಲಿಲ್ಲ.

ಅಲ್ಲಿಂದ ಅಲ್ಲಾಭಕ್ಷ್ ಪಕೀರಮ್ಮನ ಮನೆಗೆ ನಡೆದ. ಭಾನುವಾರ, ಅಂದರೆ ಅಪಘಾತದ ಹಿಂದಿನ ರಾತ್ರಿಯಿಡೀ ಟ್ರಾಲಿ ನಿಂತಿದ್ದದ್ದು ಅವಳ ಬಾಗಿಲ ಮುಂದೆಯೇ.

"ತಂಗೀ, ಐತವಾರ ಟ್ರಾಲಿ ಹತ್ರ ಯಾರು ಬಂದಿದ್ರು?"

"ಯಾರೂ ಬಂದಿಲ್ರೀ."

"ನೆನಪು ಮಾಡ್ಕೊ. ಹೊರಗಿನ ಮಂದಿ ಹೋಗಲಿ, ಗುರುತಿನವರು?"

"ಗುರುತಿನವರು ಅಂದ್ರ... ಲೇತಿನ ಶರಣಪ್ಪಣ್ಣ ಬಂದಿದ್ದ, ಸಂಜಿಕ. ತಾ ಮಾಡಿದ ತಟ್ಟಿ ಓಲಾಡ್ತಾವೇನು ನೋಡ್ತೀನಿ ಅಂದ. ಗಾಲಿ ಬುಡಕ ಕುಂತು ನೋಡಿದ. ಮನಿಯವರು ಚಾ ಕುಡಿಸಿ ಕಳಿಸಿದ್ರು. ಅಂವ ಮಾಡಿದ್ದು ಅಂವ ನೋಡಿದ್ರ ಅದರಾಗೇನೈತ್ರಿ?"

ಹೊರಗೆ ಬಂದ ಕೂಡಲೇ ಅಲ್ಲಾಭಕ್ಷ್ ತನಗೆ ಅನ್ನಿಸಿದ್ದನ್ನೆಲ್ಲ ನನ್ನ ಮುಂದೆ ಇಟ್ಟ. ಮುಚ್ಚಿಡುವುದು ಅವನಿಗೆ ಗೊತ್ತೇ ಇರಲಿಲ್ಲ. "ಗುಂಡಪ್ಪ, ಮುಟ್ಟಿದವ ಅವನೊಬ್ಬನs. ಆದ್ರ ತನ್ನ ಕೈಲೆ ಮಾಡಿದ್ದನ್ನ ತಾನs ಯಾಕ ಕೆಡಿಸ್ತಾನ? ಏನು ಮಾಡ್ಯಾನ? ನನಗ ತಿಳೀವಲ್ದು. ನಾಳಿ ಲಿಂಗಸುಗೂರಿಗಿ ಹೋಗೋಣು."

* * *

ಗುರುವಾರ ಬೆಳಿಗ್ಗೆ ಟ್ರಂಕಿನಿಂದ ಕರವಸ್ತ್ರ ತೆಗೆದು ಜೇಬಿಗೆ ಹಾಕಿಕೊಂಡೆ. ಲಿಂಗಸುಗೂರಿನ ಬಸ್ಸು ಹತ್ತಿದೆವು.

ಶಿವಶರಣಪ್ಪನ ಅಂಗಡಿ ಬಸ್‌ಸ್ಟ್ಯಾಂಡಿನ ಹಿಂದೆ. ಹಣೆಯ ಮೇಲೆ ವಿಭೂತಿ, ಐವತ್ತರ ಆಸುಪಾಸು, ತೆಳ್ಳಗಿನ ಮನುಷ್ಯ. ಲೇತಿನಲ್ಲಿ ಯಾವುದೋ ಶಾಫ್ಟು ತಿರುಗುತ್ತಿತ್ತು. ಮೇಲಿನ ಸಣ್ಣ ನಳದಿಂದ ಕೊರೆಯುವ ಜಾಗಕ್ಕೆ ಏನೋ ತೊಟ್ಟಿಕ್ಕುತ್ತಿತ್ತು.

ಬೆಳ್ಳಗೆ. ಹಾಲಿನಂತೆ.

ನನ್ನ ಕೈ ಜೇಬಿಗೆ ಹೋಯಿತು. "ಅದೇನು, ಶರಣಪ್ಪ?"

"ಲೇತಿನ ಎಣ್ಣಿರೀ. ನೀರಾಗ ಕಲಸಿ ಬಿಡತೀವಿ. ಕಬ್ಬಿಣ ಬಿಸಿ ಆಗಬಾರ್ದಲ್ರಿ."

"ಕಲಸೂಕಿಂತ ಮೊದಲು ಯಾವ ಬಣ್ಣ?"

ಅವನು ಮೂಲೆಯ ಡಬ್ಬಿ ತೋರಿಸಿದ. ಜೇನಿನ ಬಣ್ಣ.

ಹನ್ನೊಂದು ವರ್ಷ ಕಾದ ಗಳಿಗೆ ಬಂದಿತ್ತು. ಬಿಡುತ್ತೇನೆಯೇ? ಅಲ್ಲಿದ್ದ ಗಾಜಿನ ಲೋಟಕ್ಕೆ ನೀರು ತುಂಬಿ, ಕರವಸ್ತ್ರ ಬಿಚ್ಚಿ, ಅಲ್ಲಾಭಕ್ಷ್ ನೋಡುತ್ತಿದ್ದಂತೆಯೇ ಅದ್ದಿದೆ. ಲೋಟದ ನೀರು ಬೆಳ್ಳಗಾಯಿತು. ಲೇತು ತನ್ನಷ್ಟಕ್ಕೆ ತಿರುಗುತ್ತಿತ್ತು. ಶಿವಶರಣಪ್ಪ ಅದನ್ನು ನಿಲ್ಲಿಸುವುದನ್ನೂ ಮರೆತ.

"ಈ ಜಿಡ್ಡು ಟ್ರಾಲಿ ಬ್ರೇಕಿನ ಸಂದ್ಯಾಗ ಸಿಕ್ಕಿದ್ದು," ಅಂದೆ. "ಗ್ರೀಸು ಹಚ್ಚಿದ್ರ ಉಳೀತಿತ್ತು, ಗುರುತು ಸಿಗ್ತಿತ್ತು. ಅದಕ್ಕ ನೀ ಇದನ್ನ ಹಚ್ಚಿದಿ. ಪ್ಯಾಡು ಜಾರತೈತಿ, ಟ್ರಾಲಿ ನೀರಿಗಿ ಬೀಳತೈತಿ, ನೀರು ಎಲ್ಲಾ ತೊಳೀತೈತಿ. ತಟ್ಟಿ ಕನ್ನಡಿಯಂಗ ಸ್ವಚ್ಛ. ತಪ್ಪು ಯಂಕೋಬಂದು. ಎಡಗಾಲ್ಯಾಗ ನೀ ಅಂದ್ಕೊಂಡಂಗs ಆತು. ಬಲಗಾಲಿ ಕೆಸರಿನ ಗುಂಡ್ಯಾಗ ಸಿಕ್ಕಿತ್ತು. ನಿಂತ ನೀರು ತೊಳೀಲಿಲ್ಲ, ಬೆಳ್ಳಗಾತು."

"ಆದ್ರ ಯಾಕ?" ಅಲ್ಲಾಭಕ್ಷ್ ಕೇಳಿದ. ಕೇಳಿದ್ದು ಶಿವಶರಣಪ್ಪನನ್ನು. ಉತ್ತರ ಕೊಟ್ಟವನು ನಾನು.

"ಹಾರ ಯಂಕೋಬಗ ಹಾಕಿದ್ರು. ಶಾಲು ಅವಗ, ಬ್ಯಾಂಡು ಅವಗ. ತಟ್ಟಿ ತಿರುವಿದವ ಹಿಂದ ನಿಂತಿದ್ದ. ಯಾರೂ ಹೊಳ್ಳಿ ನೋಡಲಿಲ್ಲ. ಅಷ್ಟs ಸಾಕು, ಜಮಾದಾರ್ರ. ಬ್ಯಾರೆ ಏನೂ ಬೇಕಾಗೂದಿಲ್ಲ."

ಶಿವಶರಣಪ್ಪ ನನ್ನ ಮುಖವನ್ನೇ ನೋಡಿದ. ತನ್ನಂಥವನೊಬ್ಬನನ್ನು ಗುರುತು ಹಿಡಿದವನ ಹಾಗೆ ನೋಡಿದ. ನನಗೆ ಅದು ಇಷ್ಟವಾಗಲಿಲ್ಲ.

"ಐದು ತಟ್ಟಿ ಕೆಡಿಸಿ ಎರಡು ಮಾಡೀನ್ರೀ," ಅಂದ. "ಆ ಸ್ಟೀಲು ತಿರುವೋದು ಹುಡುಗಾಟಿಕಿ ಅಲ್ಲ. ಕೈ ಎಲ್ಲಾ ಕೊಯ್ಕೊಂಡೀನಿ. ಎಲ್ಲಾರೂ ಯಂಕೋಬನ ಬ್ರೇಕು, ಯಂಕೋಬನ ಬ್ರೇಕು. ದೋಣಿ ಜಾರಿ ನೀರಿಗಿ ಬೀಳಲಿ, ಮಂದಿ ನಗಲಿ ಅಂದ್ಕೊಂಡೆ. ದೋಣಿ ಇಳಸೋದು ನಾ ಎಂದೂ ನೋಡಿದಾವಲ್ಲ. ಹಿಂದ ನೀರಾಗ ಒಬ್ಬ ನಿಂತಿರ್ತಾನಂತ ನನಗ ಗೊತ್ತಿರಲಿಲ್ರೀ. ಅದೂ ನನಗ ಚಾ ಕುಡಿಸಿದವ."

ಅಲ್ಲಾಭಕ್ಷ್ ಲೇತು ನಿಲ್ಲಿಸಿದ. "ನಡಿ," ಅಂದ.

* * *

ಶಿವಶರಣಪ್ಪನನ್ನು ನಡುವೆ ಕೂರಿಸಿಕೊಂಡು ಬಸ್ಸಿನಲ್ಲಿ ವಾಪಸು ಬಂದೆವು. ಅರ್ಧ ದಾರಿಯಲ್ಲಿ ಅಲ್ಲಾಭಕ್ಷ್ ಒಂದೇ ಮಾತು ಕೇಳಿದ.

"ಆ ಜಿಡ್ಡು ನಿನಗ ಯಾವಾಗ ಸಿಕ್ತು?"

"ಸೋಮವಾರ."

ಅವನು ಕಿಟಕಿಯ ಕಡೆ ತಿರುಗಿದ. ಬೈದಿದ್ದರೆ ಚೆನ್ನಾಗಿತ್ತು.

ಸಾಹೇಬರು ಎಲ್ಲ ಕೇಳಿ ನನ್ನ ಬೆನ್ನು ತಟ್ಟಿದರು. "ಶಭಾಷ್ ಅಮರಗುಂಡಪ್ಪ! ಮ್ಯಾಲಿನವರಿಗೆ ನಿನ್ನ ಹೆಸರು ಬರೀತೀನಿ." ಅಲ್ಲಾಭಕ್ಷ್ ಒಂದಕ್ಷರ ಎದುರಾಡಲಿಲ್ಲ. ಹನ್ನೊಂದು ವರ್ಷ ಆಸೆಪಟ್ಟ ಶಭಾಷ್. ಕಿವಿಗೆ ಬಿತ್ತು, ಒಳಗೆ ಇಳಿಯಲಿಲ್ಲ.

ಯಂಕೋಬನನ್ನು ಬಿಟ್ಟೆವು. ಅವನು ಹೊರಗೆ ಬಂದವನೇ ನನ್ನ ಮೇಜಿನ ಹತ್ತಿರ ಬಂದು ಕಾಲು ಹಿಡಿದ.

"ನಿಮ್ಮಿಂದ ಬದುಕಿದೆ ರೈಟರ್ ಸಾಹೇಬ್ರ. ನಾ ಅವನ್ನ ಕೊಂದಿಲ್ಲ ಅಂಬೋದು ಗೊತ್ತಾತಲ್ಲ, ಅಷ್ಟs ಸಾಕು. ಮಣ್ಣಿಗೊಂದು ಹೋಗಾಕ ಆಗಲಿಲ್ಲ. ಅದು ನನ್ನ ಹಣೇಬರ."

ಸುಮ್ಮನಿದ್ದರೆ ಮುಗಿಯುತ್ತಿತ್ತು. ಅಲ್ಲಾಭಕ್ಷ್ ಯಾರಿಗೂ ಹೇಳುವವನಲ್ಲ.

"ಹಣೇಬರ ಅಲ್ಲ, ಯಂಕೋಬ," ಅಂದೆ. "ಆ ಎಣ್ಣಿ ನನಗ ಸೋಮವಾರ ಮುಂಜಾನೇನs ಸಿಕ್ಕಿತ್ತು. ಜಮಾದಾರ್ರಿಗೆ ಹೆಸರು ಬರ್ತದಂತ ಮುಚ್ಚಿಟ್ಟೆ."

ಅವನ ಕೈ ನನ್ನ ಕಾಲ ಮೇಲೆಯೇ ಇತ್ತು.

"ಮಣ್ಣು ಮಾಡೂಕಿಂತ ಮೊದಲೇನ್ರೀ?"

"ಹೌದು."

ಯಂಕೋಬ ಕೈ ತೆಗೆದ. ಎದ್ದು ನಿಂತು, ಆ ಕೈಯನ್ನು ಅಂಗಿಗೆ ಒರೆಸಿಕೊಂಡ. ಆಮೇಲೆ ಚಪ್ಪಲಿ ಮೆಟ್ಟಿಕೊಂಡು ತಂಗಿಯ ಮನೆಯ ಕಡೆ ಹೋದ.