ಬಾಲ ನಿಮ್ಮ ಕಡೆಗೇ ಇರಲಿ

"ಕೂತ್ಕೊಳ್ಳಿ! ಕೆಳಗೆ ಕೂತ್ಕೊಳ್ಳಿ!"

ಯಾರೋ ಕಿರುಚಿದ್ದು ಸುಪ್ರಿತಾಳಿಗೆ ಕೇಳಿಸಿತು. ಆದರೆ ಕಾಲು ಮಾತು ಕೇಳಬೇಕಲ್ಲ! ಅರಂತೋಡಿನ ಮೈದಾನದ ಅಂಚಿನಲ್ಲಿ ಬಸ್ಸಿಗೆ ಕಾಯುತ್ತಿದ್ದವಳ ಮುಖಕ್ಕೇ ನೇರವಾಗಿ ಕೆಂಪು ಹೆಲಿಕಾಪ್ಟರ್ ಒಂದು ನುಗ್ಗಿ ಬರುತ್ತಿತ್ತು. ಮೊಳದುದ್ದದ ರೆಕ್ಕೆಗಳು ತಿರುಗುವ ವೇಗಕ್ಕೆ ಕಣ್ಣಿಗೇ ಕಾಣುತ್ತಿರಲಿಲ್ಲ.

ಮುಗಿಯಿತು ನನ್ನ ಕಥೆ...! ಅವಳು ಕಣ್ಣು ಮುಚ್ಚಿದಳು.

ಅಷ್ಟರಲ್ಲಿ ಯಾರದೋ ಕೈ ಭುಜ ಹಿಡಿದು ಕೆಳಕ್ಕೆಳೆಯಿತು. ತಲೆಯ ಮೇಲಿಂದ ಗಾಳಿ ಬೀಸಿ ಹೋಯಿತು. ಹಿಂದಿನ ಬೇಲಿಗೆ ಏನೋ ಬಡಿದು ಚೂರಾದ ಸದ್ದು.

"ಪೆಟ್ಟಾಯ್ತಾ? ತಪ್ಪು ನಂದೇ..." ಎದುರಿಗಿದ್ದವನು ಏದುಸಿರು ಬಿಡುತ್ತಿದ್ದ. ಮೊಣಕೈಯಿಂದ ರಕ್ತ ಇಳಿಯುತ್ತಿದ್ದುದು ಅವನ ಗಮನಕ್ಕೇ ಬಂದಿರಲಿಲ್ಲ. "ಗಾಳಿ ಬಂದು ಅದರ ಮೂತಿ ನನ್ನ ಕಡೆ ತಿರುಗಿತು. ಆಗ ಎಡ-ಬಲ ಉಲ್ಟಾ ಆಗ್ತದೆ. ಗಡಿಬಿಡಿಯಲ್ಲಿ ನಾನು ರಿಮೋಟಿನ ಕಡ್ಡಿ ತಪ್ಪು ಕಡೆಗೆ ದೂಡಿದೆ."

"ನನ್ನ ಜೀವ ಹೋಗ್ತಿತ್ತು ಮಾರಾಯ್ರೆ!"

ಬೈದಳು ನಿಜ. ಆದರೆ ಬೈಯುವಾಗ ಅವನ ಮೊಣಕೈಗೆ ತನ್ನ ಕರವಸ್ತ್ರ ಕಟ್ಟುತ್ತಿದ್ದಳು!

ಅವನ ಹೆಸರು ಯತಿನ್. ಅಲ್ಲೇ ರಸ್ತೆ ಬದಿಯಲ್ಲಿ ಮೊಬೈಲ್ ರಿಪೇರಿ ಮತ್ತು ರಿಮೋಟ್ ಆಟಿಕೆಗಳ ಅಂಗಡಿ. ಅವಳು ಪಕ್ಕದ ರಕ್ತಪರೀಕ್ಷೆಯ ಲ್ಯಾಬ್‌ನಲ್ಲಿ ಕೆಲಸಕ್ಕಿದ್ದವಳು. ದಿನವೂ ಕೊಲ್ಲಮೊಗ್ರಿನಿಂದ ಬಂದು ಹೋಗುತ್ತಿದ್ದಳು.

ಸುಪ್ರಿತಾಳಿಗೆ ಹೆದರಿಕೆ ಇಲ್ಲದ ವಸ್ತುವೇ ಇರಲಿಲ್ಲ. ನಾಯಿಗೆ, ಜೋರಾಗಿ ತಿರುಗುವ ಫ್ಯಾನಿಗೆ... ಎಲ್ಲಕ್ಕಿಂತ ಹೆಚ್ಚು ಮನೆಯ ಮುಂದಿನ ಹೊಳೆಗೆ ಅಡ್ಡ ಹಾಕಿದ್ದ ಮರದ ಸಂಕಕ್ಕೆ. ಚಿಕ್ಕವಳಿದ್ದಾಗ ಅದರ ಮೇಲಿಂದ ಜಾರಿದ್ದಳು. ಅಪ್ಪ ಶೀನಪ್ಪ ಜಡೆ ಹಿಡಿದು ಎಳೆದುಕೊಂಡಿದ್ದರು. ಅಂದಿನಿಂದ ಇಂದಿನವರೆಗೂ ಅಪ್ಪ ಮುಂದೆ, ಅವರ ಅಂಗಿಯ ತುದಿ ಹಿಡಿದು ಇವಳು ಹಿಂದೆ. ನೋಡಿದವರು ನಗುತ್ತಿದ್ದರು. ನಗಲಿ ಬಿಡಿ, ನೀರಿಗೆ ಬೀಳುವುದು ಅವರಲ್ಲವಲ್ಲ!

ಇಂಥವಳು ಮರುವಾರ ಯತಿನ್‌ನ ಅಂಗಡಿಯ ಮೆಟ್ಟಿಲು ಹತ್ತಿದಳು.

"ನಂಗೆ ಅದನ್ನು ಹಾರಿಸ್ಲಿಕ್ಕೆ ಕಲಿಸ್ತೀರಾ? ಹೆದರುವ ವಸ್ತು ಒಂದಾದ್ರೂ ನನ್ನ ಕೈಯಲ್ಲಿ ಇರ್ಬೇಕು."

ಅವನು ನಗಲಿಲ್ಲ, "ಕಲಿಸುವ" ಎಂದ. ಅದೇ ಅವಳಿಗೆ ಹಿಡಿಸಿತು.

"ಹಾಗಾದ್ರೆ ರಿಪೇರಿ ಮಾಡಿಟ್ಟ ಆ ಕೆಂಪು ದೊಡ್ಡದನ್ನೇ ಕೊಡಿ."

"ಅದು ಬೇಡ! ಅದು ಹಾರುವಾಗ ರೆಕ್ಕೆಯ ಓರೆಯನ್ನೇ ಬದಲಾಯಿಸುದು, ತಲೆಕೆಳಗಾಗಿ ಸಹ ಹಾರ್ತದೆ. ಹೊಸಬರ ಕೈಗೆ ಕೊಟ್ರೆ ಬೆರಳು ಹೋಗ್ತದೆ." ಅಂಗೈಯಗಲದ ಒಂದನ್ನು ತಂದಿಟ್ಟ. "ಸುರುವಿಗೆ ಇದು. ಮೇಲೊಂದು ಕೆಳಗೊಂದು ಜೋಡಿ ರೆಕ್ಕೆ ಉಂಟು ನೋಡಿ, ಒಂದು ಹೀಗೆ ತಿರುಗುದು, ಇನ್ನೊಂದು ಹಾಗೆ. ಅದಕ್ಕೇ ಮೈ ಗಿರಗಿರ ಸುತ್ತುದಿಲ್ಲ, ನಿಂತಲ್ಲೇ ನಿಲ್ತದೆ. ಆದ್ರೆ ಮನೆಯೊಳಗೆ ಮಾತ್ರ. ಹೊರಗಿನ ಗಾಳಿ ಇದಕ್ಕಾಗುದಿಲ್ಲ."

"ಒಂದೇ ಜೋಡಿ ಇದ್ರೆ?"

"ರೆಕ್ಕೆ ಒಂದು ಕಡೆ ತಿರುಗಿದ್ರೆ ಮೈ ಇನ್ನೊಂದು ಕಡೆ ತಿರುಗ್ಲಿಕ್ಕೆ ನೋಡ್ತದೆ. ಅದನ್ನು ತಡೆದು ನಿಲ್ಲಿಸುದು ದೊಡ್ಡದರ ಬಾಲದಲ್ಲಿರುವ ಆ ಸಣ್ಣ ಫ್ಯಾನ್."

ಪುಟ್ಟದ್ದು ಅವಳ ಮನೆಯ ಜಗಲಿಯಲ್ಲಿ ಹಾರಿತು, ಗೋಡೆಗೆ ಬಡಿಯಿತು, ಶೀನಪ್ಪನವರ ಚಹಾದ ಲೋಟಕ್ಕೂ ಬಿತ್ತು. ಕೈ ಪಳಗಿದ ಮೇಲೆ ಯತಿನ್ ತನ್ನದೇ ಮಧ್ಯಮ ಗಾತ್ರದ ಹೆಲಿಕಾಪ್ಟರನ್ನು ಕೊಟ್ಟ. ಸಂಜೆ ಬಸ್ಸು ಬರುವವರೆಗೆ ಮೈದಾನದಲ್ಲಿ ಪಾಠ.

"ಬಾಲ ಯಾವಾಗ್ಲೂ ನಿಮ್ಮ ಕಡೆಗೇ ಇರಲಿ. ಆಗ ಅದರ ಎಡ ನಿಮ್ಮ ಎಡ, ಅದರ ಬಲ ನಿಮ್ಮ ಬಲ. ಗೊತ್ತಾಯ್ತಾ?"

ಗೊತ್ತಾಗಿತ್ತು. ಜೊತೆಗೆ ಇನ್ನೊಂದೂ ಗೊತ್ತಾಗಿತ್ತು... ಅವನಿಲ್ಲದ ಸಂಜೆ ತನಗೆ ಸಂಜೆಯೇ ಅಲ್ಲ ಎಂದು.

ಒಂದು ದಿನ, ಇದ್ದ ಧೈರ್ಯವನ್ನೆಲ್ಲ ಒಟ್ಟುಮಾಡಿ ಕೇಳಿಯೇಬಿಟ್ಟಳು. "ಒಮ್ಮೆ ಮನೆಗೆ ಬನ್ನಿ... ಅಪ್ಪನ ಹತ್ರ ನಮ್ಮ ವಿಷಯ ಮಾತಾಡಿ."

ಯತಿನ್ ಅವಳ ಮುಖ ನೋಡಿದ. ಗಕ್ಕನೆ ಬೆನ್ನು ತಿರುಗಿಸಿ ಹೋಗಿಬಿಟ್ಟ!

ಆ ಬೆನ್ನು ಅವಳನ್ನು ರಾತ್ರಿಯಿಡೀ ಅಳಿಸಿತು.

ಮರುದಿನ ಬೆಳಿಗ್ಗೆ ಹೆಲಿಕಾಪ್ಟರನ್ನೂ ರಿಮೋಟನ್ನೂ ಹಿಂತಿರುಗಿಸಲೆಂದು ಚೀಲದಲ್ಲಿಟ್ಟು ಹೊರಟಳು. ಅಂಗಡಿಗೆ ಬೀಗ! ನನ್ನ ಮುಖ ನೋಡುವುದೂ ಬೇಡವಾಯಿತೇ? ಮಧ್ಯಾಹ್ನದ ಹೊತ್ತಿಗೆ ಮಳೆ ಜೋರಾಗಿ ಲ್ಯಾಬ್ ಬೇಗ ಮುಚ್ಚಿತು. ಅಪ್ಪನ ಉಬ್ಬಸದ ಇನ್‌ಹೇಲರ್ ಮುಗಿದದ್ದು ನೆನಪಾಗಿ ಮೆಡಿಕಲಿನಲ್ಲಿ ಉಳಿದಿದ್ದ ಒಂದೇ ಒಂದನ್ನು ಕೊಂಡಳು. ಊರ ಬಸ್‌ಸ್ಟಾಪಿನಲ್ಲಿ ಇಳಿದು ಹೊಳೆಯ ಈಚೆ ಬದಿಯ ದುಗ್ಗಪ್ಪಣ್ಣನ ಬಾಡಿಗೆ ಜೀಪು ಹತ್ತಿದಳು.

ಹೊಳೆಯ ಬದಿಗೆ ಬರುವಾಗ ಮಳೆ ನಿಂತಿತ್ತು. ಸಂಕವೂ ಇರಲಿಲ್ಲ!

ಕೆಂಪು ನೀರು ಎರಡು ದಡವನ್ನೂ ಕಿತ್ತುಕೊಂಡು ಹೋಗುತ್ತಿತ್ತು. ಆಚೆ ದಡದ ಕಲ್ಲಿನ ಮೇಲೆ ಅಪ್ಪ ಕೂತಿದ್ದರು. ಮಳೆಗೆ ಮಗಳು ಬೇಗ ಬಂದಾಳೆಂದು ನೋಡಲು ಬಂದವರು ಉಸಿರು ಕಟ್ಟಿ ಅಲ್ಲೇ ಕುಸಿದಿದ್ದರು. ಒಂದೊಂದು ಉಸಿರಿಗೂ ಭುಜ ಮೇಲೆದ್ದು ಬೀಳುತ್ತಿತ್ತು. ಅವರನ್ನು ಆತುಕೊಂಡು ಪಕ್ಕದಲ್ಲಿ ಕೂತಿದ್ದವನು...

ಯತಿನ್! ಇವನು ಇಲ್ಲಿ?!

"ಅಪ್ಪಾ...!" ಅವಳ ಕೂಗನ್ನು ಹೊಳೆ ನುಂಗಿತು. ಆ ತಗ್ಗಿನಲ್ಲಿ ಫೋನಿಗೆ ನೆಟ್‌ವರ್ಕ್ ಇರಲಿಲ್ಲ.

"ಸುತ್ತು ಹಾಕಿ ಹೋಗುವ ಅಂದ್ರೆ ಆ ದಾರಿಗೆ ಗುಡ್ಡ ಜರಿದಿದೆ. ಎಂತ ಮಾಡುದು ಮಾರಾಯ್ತಿ..." ದುಗ್ಗಪ್ಪ ತಲೆ ಹಿಡಿದುಕೊಂಡ. ಜೀಪಿನಲ್ಲಿದ್ದ ಗಾಳದ ನೂಲಿಗೆ ಕಲ್ಲು ಕಟ್ಟಿ ಎಸೆದು ನೋಡಿದ. ಅರ್ಧ ಹೊಳೆಗೇ ಬಿತ್ತು. ಮತ್ತೆ ಎಸೆದ, ಮತ್ತೆ ಬಿತ್ತು. ಇನ್‌ಹೇಲರನ್ನೇ ಎಸೆಯೋಣವೆಂದರೆ ಇದ್ದದ್ದು ಒಂದೇ.

ಆಚೆ ದಡದಲ್ಲಿ ಅಪ್ಪನ ತಲೆ ಯತಿನ್‌ನ ಭುಜಕ್ಕೆ ವಾಲಿತು.

ಸುಪ್ರಿತಾಳ ಕೈ ತನ್ನಷ್ಟಕ್ಕೇ ಚೀಲಕ್ಕೆ ಹೋಯಿತು.

"ದುಗ್ಗಪ್ಪಣ್ಣಾ, ನೂಲನ್ನು ಇದರ ಕಾಲಿಗೆ ಕಟ್ಟಿ. ಮದ್ದು ಇರುದು ಒಂದೇ, ಅದನ್ನೇ ಕಟ್ಟುದು ಬೇಡ. ಬಾಲಕ್ಕೆ ಸಿಕ್ಕದ ಹಾಗೆ! ನೂಲು ಆಚೆ ಹೋದ್ರೆ ಹಿಂದಿನಿಂದ ಹಗ್ಗ ಹೋಗ್ತದೆ, ಹಗ್ಗದಲ್ಲಿ ಮದ್ದು ಹೋಗ್ತದೆ."

"ನೀರಿಗೆ ಬಿದ್ರೆ?"

ಬಿದ್ದರೆ ಇನ್ನೊಂದು ಹೆಲಿಕಾಪ್ಟರ್ ಇರಲಿಲ್ಲ. ಅವಳು ಅದನ್ನು ನೆಲದ ಮೇಲಿಟ್ಟು, ಬಾಲವನ್ನು ತನ್ನ ಕಡೆಗೆ ಮಾಡಿ, ರಿಮೋಟಿನ ಕಡ್ಡಿಯನ್ನು ಮೆಲ್ಲಗೆ ಮೇಲೆ ದೂಡಿದಳು.

ಹೆಲಿಕಾಪ್ಟರ್ ಎದ್ದಿತು. ನೀರಿನ ಮೇಲೆ ಹೋಗುತ್ತಿದ್ದಂತೆ ನೂಲಿನ ಭಾರಕ್ಕೆ ಒಮ್ಮೆ ತಗ್ಗಿತು.

ಬೇಡ... ಬೇಡ... ಬೀಳಬೇಡ...!

ಹೋದಷ್ಟೂ ಅದು ಚಿಕ್ಕದಾಯಿತು. ಆಚೆ ದಡದ ರಬ್ಬರ್ ಮರದ ಕೊಂಬೆ ಎಷ್ಟು ಹತ್ತಿರ, ಎಷ್ಟು ದೂರ ಎಂದೇ ತಿಳಿಯುತ್ತಿರಲಿಲ್ಲ. ಯತಿನ್ ಅಪ್ಪನನ್ನು ಕಲ್ಲಿಗೆ ಒರಗಿಸಿ ಓಡಿ ಬಂದು, ಅವಳಿಗೆ ಎದುರಾಗಿ ನಿಂತು, ಎಡಕ್ಕೆ ಹೋಗಲಿ ಎಂದು ಎಡಗೈ ಎತ್ತಿದ. ಅವಳಿಗೆ ಅದು ಬಲಗಡೆ ಕಂಡಿತು. ಬಲಕ್ಕೆ ದೂಡಿದಳು.

ಹೆಲಿಕಾಪ್ಟರ್ ಸೀದಾ ಕೊಂಬೆಯತ್ತ ಹೊರಟಿತು!

"ಅಯ್ಯೋ!"

ಎಲೆಗಳು ಕತ್ತರಿಸಿ ಹಾರಿದವು. ಅವಳು ಕಡ್ಡಿಯನ್ನು ಹಿಂದಕ್ಕೆಳೆದಳು. ಅದು ತೂರಾಡಿ, ಹೇಗೋ ಸುಧಾರಿಸಿಕೊಂಡು, ಯತಿನ್‌ನ ತಲೆಯ ಮೇಲಿಂದ ಆಚೆ ದಾಟಿತು.

ಆಗ ಯತಿನ್ ಅವಳಿಗೆ ಬೆನ್ನು ತಿರುಗಿಸಿದ.

ಮತ್ತೆ ಅದೇ ಬೆನ್ನು! ಈ ಹೊತ್ತಿನಲ್ಲೂ...? ಒಂದು ಕ್ಷಣ ಎದೆ ಒಡೆದೇ ಹೋಯಿತು ಅನ್ನಿಸಿತು.

ಅವನು ಹಾಗೆಯೇ ನಿಂತು ಎಡಗೈ ಚಾಚಿದ. ಈ ಸಲ ಅವನ ಎಡ ಅವಳಿಗೂ ಎಡವೇ! ಅವನು ಬಿಟ್ಟು ಹೋಗುತ್ತಿಲ್ಲ... ನಾನು ನಿಂತ ಹಾಗೆಯೇ ನಿಂತಿದ್ದಾನೆ, ನಾನು ನೋಡುವ ಕಡೆಗೇ ನೋಡುತ್ತಿದ್ದಾನೆ!

ಕಣ್ಣೀರು ಒರೆಸಲು ಕೈ ಬಿಡುವಿರಲಿಲ್ಲ. ಅವನ ಕೈ ಎಡಕ್ಕೆ ಹೋಯಿತು, ಅವಳು ಎಡಕ್ಕೆ ದೂಡಿದಳು. ಕೈ ಮೆಲ್ಲಗೆ ಕೆಳಗಿಳಿಯಿತು, ಅವಳೂ ಇಳಿಸಿದಳು. ಹೆಲಿಕಾಪ್ಟರ್ ಹುಲ್ಲಿನ ಮೇಲೆ ಕೂತಿತು. ಯತಿನ್ ಓಡಿ ಹೋಗಿ ನೂಲು ಹಿಡಿದುಕೊಂಡ.

ನೂಲಿನ ಹಿಂದೆ ಜೀಪಿನ ಟರ್ಪಾಲಿನ ಹಗ್ಗ, ಹಗ್ಗಕ್ಕೆ ಕಟ್ಟಿದ ಅವಳ ಬುತ್ತಿ ಡಬ್ಬಿ, ಅದರೊಳಗೆ ಇನ್‌ಹೇಲರ್. ಅಪ್ಪ ಅದನ್ನು ಬಾಯಿಗಿಟ್ಟರು. ಒಮ್ಮೆ... ಇನ್ನೊಮ್ಮೆ... ಸ್ವಲ್ಪ ಹೊತ್ತಿಗೆ ಭುಜಗಳ ಏರಿಳಿತ ತಗ್ಗಿತು. ಅವರು ನಿಧಾನಕ್ಕೆ ಮಗಳತ್ತ ಕೈ ಎತ್ತಿದರು. ಸುಪ್ರಿತಾ ಕೆಸರಿನಲ್ಲೇ ಕೂತು ಗೊಳೋ ಎಂದು ಅತ್ತಳು.

ಮರುದಿನ ನೀರು ಇಳಿಯಿತು. ಊರವರೆಲ್ಲ ಸೇರಿ ಹೊಸ ಮರ ಹಾಸಿ ಸಂಕ ಕಟ್ಟಿದರು. ದುಗ್ಗಪ್ಪನ ಮನೆಯಲ್ಲಿ ಉಳಿದಿದ್ದ ಸುಪ್ರಿತಾ ಅದರ ಮುಂದೆ ನಿಂತಳು. ಕಾಲು ಮೇಲೇಳಲಿಲ್ಲ. ಅಂಗಿ ಹಿಡಿಯಲು ಇವತ್ತು ಅಪ್ಪ ಈಚೆ ಇರಲಿಲ್ಲ.

ಯತಿನ್ ಸಂಕ ದಾಟಿ ಬಂದ. ಅವಳ ಮುಂದೆ ಬೆನ್ನು ತಿರುಗಿಸಿ ನಿಂತ.

"ಹಿಡ್ಕೊಳ್ಳಿ. ನೀರು ನೋಡ್ಬೇಡಿ, ನನ್ನ ಬೆನ್ನು ನೋಡಿ."

ಅವಳು ಅವನ ಅಂಗಿಯ ತುದಿ ಹಿಡಿದಳು. ಇಬ್ಬರೂ ಮೆಲ್ಲಗೆ ಹೆಜ್ಜೆ ಇಟ್ಟರು.

"ಮೊನ್ನೆ ಯಾಕೆ ಹಾಗೆ ತಿರುಗಿ ಹೋದ್ರಿ?"

"ಹೆದರಿಕೆ... ನಿಮ್ಮ ಮುಖ ಎದುರಿದ್ರೆ ನಂಗೆ ಎಲ್ಲ ಉಲ್ಟಾ ಬರ್ತದೆ. ಮೊದಲು ಅಪ್ಪನ ಹತ್ರ ಕೇಳುವ, ಆಮೇಲೆ ನಿಮ್ಮ ಹತ್ರ ಹೇಳುವ ಅಂತ ಅಂಗಡಿ ಮುಚ್ಚಿ ಬಂದೆ."

"ಅಪ್ಪ ಎಂತ ಹೇಳಿದ್ರು?"

"ಹೊಳೆ ಬದಿಯಲ್ಲಿ ಧೈರ್ಯ ಮಾಡಿ ಕೇಳಿದೆ, ಅವರು ಹೇಳುವಷ್ಟರಲ್ಲಿ ಉಬ್ಬಸ ಸುರುವಾಯ್ತು."

ಆಚೆ ದಡದಿಂದ ಶೀನಪ್ಪನವರ ಸ್ವರ ಕೇಳಿತು. "ಮೊದಲು ಅವಳನ್ನು ದಾಟಿಸು ಮಾರಾಯ! ನಂದು ಒಪ್ಪಿಗೆ ಉಂಟು!"

ಸುಪ್ರಿತಾಳ ಕಾಲಿಗೆ ನೆಲ ಸಿಕ್ಕಿತು. ಅಂಗಿ ಮಾತ್ರ ಬಿಡಲಿಲ್ಲ.

"ಇನ್ನು ತಿರುಗಿ," ಎಂದಳು ಮೆಲ್ಲಗೆ. "ಮುಖ ನೋಡಿ ಹೇಳಿ."

ಅವನು ತಿರುಗಿದ. ಕಿವಿಯವರೆಗೂ ಕೆಂಪಾಗಿದ್ದ.

"ಉಲ್ಟಾ ಬಂದ್ರೆ?"

"ಬರ್ಲಿ. ಅದನ್ನು ಸರಿ ಮಾಡ್ಕೊಳ್ಲಿಕ್ಕೆ ನಂಗೀಗ ಗೊತ್ತುಂಟು."